ಕಬ್ಬಿಣ ಬಾರದ ಅಂಗಳ

ನಾನು ಸಂಸಾರ ಮಾಡುವ ಈ ಮನೆಯ ಬಾಗಿಲುಗಳಿಗೆ ಹಿತ್ತಾಳೆಯ ತಿರುಗಣೆ. ಕಿಟಕಿಗಳಿಗೆ ಸರಳಿಲ್ಲ, ಮರದ ಪಟ್ಟಿಗಳಿವೆ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲವಾದ್ದರಿಂದ ದೇವರ ಪಟಗಳೆಲ್ಲ ಮರದ ಗೂಟಕ್ಕೆ ನೇತಾಡುತ್ತವೆ. ಬಂದವರು ನೋಡಿ, ಎಷ್ಟು ಚಂದದ ಹಳೆಯ ಕಾಲದ ಮನೆ ಎನ್ನುತ್ತಾರೆ. ಚಂದಕ್ಕೆ ಮಾಡಿದ್ದಲ್ಲ ಎಂದು ಹೇಳಹೊರಟರೆ ಮಾತು ಉದ್ದವಾಗಿ ಅವರ ಚಹಾ ಆರುತ್ತದೆ. ಹಾಗಾಗಿ ಹೌದೆಂದು ತಲೆಯಾಡಿಸಿ ಬಿಡುತ್ತೇನೆ.

ಮನೆಯ ಹಿಂದಿನ ಅಂಗಳ ದಾಟಿದರೆ ಸುಣ್ಣ ಬಳಿದ ಸಣ್ಣದೊಂದು ಕಟ್ಟಡವಿದೆ. ಅದಕ್ಕೆ ಕಿಟಕಿಯಿಲ್ಲ, ಬಾಗಿಲು ತಗ್ಗು. ಒಳಗೆ ಭೂಮಿಯ ಅಯಸ್ಕಾಂತ ಬಲವನ್ನು ಹಗಲೂ ಇರುಳೂ ಅಳೆಯುತ್ತ ಕೂತ ಯಂತ್ರಗಳಿವೆ. ನಮ್ಮ ಯಜಮಾನರು ಅವುಗಳನ್ನು ನೋಡಿಕೊಳ್ಳುವ ವೀಕ್ಷಕರು. ಕೇಂದ್ರ ಸರ್ಕಾರದ ಸಣ್ಣ ಕಚೇರಿ, ಸಣ್ಣ ಹುದ್ದೆ. ಪುತ್ತೂರಿನ ಕಡೆಯವರಾದ ನಮ್ಮನ್ನು ತಿರುವನಂತಪುರದ ಅಂಚಿನ ಈ ಜಾಗಕ್ಕೆ ಎಳೆದು ತಂದದ್ದು ಆ ಯಂತ್ರಗಳೇ. ಅವುಗಳ ಹತ್ತಿರ ಕಬ್ಬಿಣ ಸುಳಿಯಬಾರದು. ಸುಳಿದರೆ ಯಂತ್ರ ಅದನ್ನೇ ಭೂಮಿಯ ಬಲವೆಂದು ಬರೆದುಕೊಳ್ಳುತ್ತದೆ.

ಬಂದ ಹೊಸದರಲ್ಲಿ ಇವರು ನನ್ನ ಸಾಮಾನುಗಳ ಪೆಟ್ಟಿಗೆ ಬಿಚ್ಚಿ ಒಂದೊಂದಕ್ಕೂ ಸಣ್ಣ ದಿಕ್ಸೂಚಿ ಹಿಡಿದು ನೋಡಿದರು. ಮುಳ್ಳು ಅಲ್ಲಾಡಿದರೆ ಆ ಸಾಮಾನು ಹೊರಗೆ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳೂ ಹೋದವು, ಹೊಲಿಗೆ ಯಂತ್ರವೂ ಹೋಯಿತು. ನನ್ನ ತಾಯಿ ಕೊಟ್ಟಿದ್ದ ಕಬ್ಬಿಣದ ದೋಸೆ ಕಾವಲಿ ಮಾತ್ರ ಒಲೆಯ ಮೇಲೆ ಇದ್ದರೆ ಇರಲಿ ಎಂದು ಬೇಡಿಕೊಂಡೆ. ಒಲೆಯ ಮೇಲಿದ್ದರೆ ತೊಂದರೆಯಿಲ್ಲ, ಆದರೆ ನೀನು ಅದನ್ನು ತೊಳೆಯಲು ಹಿಂದಿನ ಕಲ್ಲಿಗೆ ತರುತ್ತೀ, ಕಲ್ಲಿರುವುದು ಯಂತ್ರದ ಗೋಡೆಯ ಬದಿಗೆ ಎಂದರು. ಅದು ನಿಜವೇ. ಕಾವಲಿ ಕೊಚ್ಚಿಯ ಹತ್ತಿರದ ಅಂಬಲಮುಗಳ್‌ನಲ್ಲಿದ್ದ ನನ್ನ ನಾದಿನಿಯ ಮನೆಗೆ ಹೋಯಿತು. ಅವಳ ಗಂಡ ಅಲ್ಲಿಯ ಎಣ್ಣೆ ಶುದ್ಧೀಕರಣದ ಕೆಲಸದಲ್ಲಿದ್ದಾನೆ. ಆಗಾಗ ನೀರುದೋಸೆಯ ಫೋಟೊ ಕಳಿಸುತ್ತಾಳೆ, ನನ್ನ ಕಾವಲಿಯಲ್ಲಿ ಎಷ್ಟು ಸಲೀಸಾಗಿ ಏಳುತ್ತದೆ ಎಂದು ತೋರಿಸಲಿಕ್ಕೆ.

ಯಾಕೆ ಇಷ್ಟೊಂದು ಮಡಿ ಎಂದು ಒಮ್ಮೆ ಕೇಳಿದೆ. ಇವರು ಮಾತು ಕಡಿಮೆಯ ಮನುಷ್ಯ, ಆದರೆ ಈ ಒಂದು ವಿಷಯಕ್ಕೆ ಬಾಯಿ ಬರುತ್ತದೆ. ಭೂಮಿಯ ಹೊಟ್ಟೆಯೊಳಗೆ ಕರಗಿದ ಕಬ್ಬಿಣದ ಸಮುದ್ರವೇ ಇದೆಯಂತೆ. ಅದು ಹರಿಯುತ್ತಿರುವುದರಿಂದ ಅಯಸ್ಕಾಂತ ಬಲ ಹುಟ್ಟುತ್ತದೆ, ಹರಿವು ಬದಲಾದಂತೆ ಬಲವೂ ಬದಲಾಗುತ್ತದೆ. ದಿಕ್ಸೂಚಿ ತೋರಿಸುವ ಉತ್ತರವೂ ನಿಂತಲ್ಲಿ ನಿಲ್ಲುವುದಿಲ್ಲ. ಭೂಮಿಯ ಸುತ್ತ ಒಂದು ಗೆರೆಯಿದೆ. ಅಲ್ಲಿ ನಡುವಿನಿಂದ ತೂಗುಬಿಟ್ಟ ಅಯಸ್ಕಾಂತದ ಮುಳ್ಳು ಮೇಲೂ ಏಳದೆ ಕೆಳಗೂ ಬಾಗದೆ ಮಟ್ಟಸವಾಗಿ ಮಲಗುತ್ತದೆ. ಆ ಗೆರೆ ನಮ್ಮ ಈ ಕಡೆಯೇ ಹಾದುಹೋಗುತ್ತದೆ, ಅದೂ ವರ್ಷವರ್ಷಕ್ಕೆ ಮೆಲ್ಲಗೆ ಸರಿಯುತ್ತಿರುತ್ತದೆ. ಲೋಕದ ಬೇರೆ ಬೇರೆ ಕಡೆ ಇಂಥ ಕೋಣೆಗಳಲ್ಲಿ ಅಳೆದ ಅಂಕಿಗಳನ್ನೆಲ್ಲ ಸೇರಿಸಿ, ಮೇಲಿನಿಂದ ಉಪಗ್ರಹಗಳು ಅಳೆದದ್ದನ್ನೂ ಕೂಡಿಸಿ, ತಿಳಿದವರು ಒಂದು ಲೆಕ್ಕದ ಮಾದರಿ ಕಟ್ಟುತ್ತಾರೆ. ಮುಂದಿನ ಕೆಲವು ವರ್ಷ ಬಲ ಹೇಗೆ ಬದಲಾದೀತು ಎಂದು ಅದು ಹೇಳುತ್ತದೆ. ಹಡಗಿಗೂ ವಿಮಾನಕ್ಕೂ ನಮ್ಮ ಕೈಯ ಫೋನಿಗೂ ದಿಕ್ಕು ಸಿಗುವುದು ಅದರಿಂದ. ಐದು ವರ್ಷ ಕಳೆದರೆ ಮಾದರಿ ಹಳತಾಗುತ್ತದೆ, ಹೊಸದು ಕಟ್ಟಬೇಕು.

"ಅಷ್ಟು ಕಬ್ಬಿಣ ಕಾಲಡಿಯಲ್ಲೇ ಇಟ್ಟುಕೊಂಡವರಿಗೆ ನನ್ನದೊಂದು ಕಾವಲಿ ಭಾರ ಆಯ್ತಾ?" ಎಂದೆ.

ಇವರು ನಕ್ಕರು. ಕಾವಲಿ ಮಾತ್ರ ವಾಪಸು ಬರಲಿಲ್ಲ.

ನನಗೆ ಸಿಟ್ಟಿರಲಿಲ್ಲ ಎಂದರೆ ಸುಳ್ಳಾದೀತು. ಮನೆಯಲ್ಲಿ ಸ್ಕೂಟರಿಲ್ಲ, ಕಪಾಟಿಲ್ಲ, ಗೇಟಿನಿಂದ ಒಳಗೆ ಆಟೋ ಬರುವುದಿಲ್ಲ. ಅಕ್ಕಿಯ ಚೀಲ ಬಿಸಿಲಲ್ಲಿ ಹೊತ್ತು ತರಬೇಕು. ನೆರೆಮನೆಯ ಹೆಂಗಸರು ನನ್ನನ್ನು ಚೇಚ್ಚೀ, ಅಂದರೆ ಅಕ್ಕಾ, ಎಂದು ಪ್ರೀತಿಯಿಂದಲೇ ಕರೆಯುತ್ತಾರೆ, ಆದರೆ ಈ ಅಂಗಳಕ್ಕೆ ಬರುವ ಮೊದಲು ಬಾಗಿಲಲ್ಲಿ ಬೀಗದಕೈ, ಫೋನು, ಕೊಡೆ ಎಲ್ಲ ಇಟ್ಟು ಬರಬೇಕೆಂದರೆ ಎಷ್ಟು ಸಲ ಬಂದಾರು? ಮೆಲ್ಲಗೆ ಬರುವುದು ನಿಂತಿತು. ಆದರೂ ದೇವರು ಒಂದೊಂದು ಕಡೆ ಒಂದೊಂದು ಕೊಟ್ಟಿರುತ್ತಾನೆ. ಕಬ್ಬಿಣದ ಕಂಬ ಬೇಡವೆಂದು ನಮ್ಮ ಅಂಗಳದ ಬೇಲಿ ಪೂರಾ ದಾಸವಾಳದ್ದು. ಪೂಜೆಗೆ ಹೂವಿಗೆ ಒಂದು ದಿನವೂ ಬರ ಬಂದಿಲ್ಲ.

ಅತ್ತೆ ನಾದಿನಿಯ ಮನೆಯಲ್ಲಿದ್ದರು. ಮಗಳ ಮನೆಯೆಂದರೆ ಅವರಿಗೆ ಇಷ್ಟ, ಅಲ್ಲಿ ಮಾತಿಗೆ ಜನವಿತ್ತು. ಕಳೆದ ಮಳೆಗಾಲಕ್ಕೆ ಮೊದಲು ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಕೊಚ್ಚಿಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ನಾದಿನಿಯ ಮನೆ ಮೂರನೆಯ ಮಹಡಿ, ಲಿಫ್ಟಿಲ್ಲ. ನಮ್ಮದು ನೆಲದ ಮೇಲಿನ ಮನೆ. ಯಾರೂ ಕೂತು ತೀರ್ಮಾನಿಸಬೇಕಾಗಿಯೇ ಬರಲಿಲ್ಲ, ಆಂಬುಲೆನ್ಸು ಸೀದಾ ಇಲ್ಲಿಗೇ ಬಂತು. ಬಂದು ಗೇಟಿನಾಚೆ ನಿಂತಿತು.

ಅಲ್ಲಿಂದ ಅತ್ತೆಯನ್ನು ಬಟ್ಟೆಯ ಡೋಲಿಯಲ್ಲಿ ಹೊತ್ತು ತಂದರು. ಆಸ್ಪತ್ರೆಯವರು ಕೊಟ್ಟ ಉಕ್ಕಿನ ಗಾಲಿಕುರ್ಚಿ ಗೇಟಿನ ಹೊರಗೆ ಮಾಡಿನ ಅಡಿಯಲ್ಲೇ ಉಳಿಯಿತು. ಅತ್ತೆ ಡೋಲಿಯಿಂದಲೇ ಕತ್ತು ತಿರುಗಿಸಿ ಅದನ್ನು ನೋಡುತ್ತಿದ್ದುದು ನನಗೆ ನೆನಪಿದೆ. ಮತ್ತೆ ಬರುತ್ತದೆ ಎಂದುಕೊಂಡಿರಬೇಕು.

ಅವರಿಗೆ ಕೊಟ್ಟದ್ದು ಹಿಂದಿನ ಕೋಣೆ. ಮರದ ಮಂಚ, ಪಕ್ಕದಲ್ಲಿ ಕಿಟಕಿ. ಕಿಟಕಿಯಿಂದ ಕಾಣುವುದು ಯಂತ್ರದ ಮನೆಯ ಬಿಳಿ ಗೋಡೆ. ಮೊದಲು ಈ ಕೋಣೆಗೆ ಬೆಳಗಿನ ಬಿಸಿಲು ಬರುತ್ತಿತ್ತು. ಮೂಡಣದ ಬದಿ ಫ್ಲ್ಯಾಟುಗಳು ಎದ್ದ ಮೇಲೆ ಬಿಸಿಲೆಲ್ಲ ಅವರದಾಯಿತು. ಎರಡು ಕಟ್ಟಡಗಳ ಸಂದಿನಿಂದ ಒಂದು ಪಟ್ಟಿಯಷ್ಟು ಬಿಸಿಲು ಬೆಳಗಿನಲ್ಲಿ ಸ್ವಲ್ಪ ಹೊತ್ತು ಅಂಗಳಕ್ಕೆ ಬೀಳುತ್ತದೆ, ಅದೂ ಸರಿಯಾಗಿ ಆ ಬಿಳಿ ಗೋಡೆಯ ಬುಡಕ್ಕೆ. ಅತ್ತೆ ಮಲಗಿದಲ್ಲಿಂದ ಅದನ್ನು ನೋಡುತ್ತಿದ್ದರು. ವೈದ್ಯರು ಹೇಳಿದ್ದರು, ದಿನಾ ಎಬ್ಬಿಸಿ ಕೂರಿಸಿ, ಬಿಸಿಲಿಗೆ ಕರೆದುಕೊಂಡು ಹೋಗಿ, ಮಲಗಿಯೇ ಇದ್ದರೆ ಮತ್ತೆ ಏಳಲಿಕ್ಕಿಲ್ಲ ಎಂದು.

ಎತ್ತಿ ಕೂರಿಸಲು ನನ್ನಿಂದಾಗುತ್ತಿತ್ತು. ಹೊತ್ತು ಹೊರಗೆ ಒಯ್ಯಲು ಆಗುತ್ತಿರಲಿಲ್ಲ. ಇವರಿಗೂ ಬೆನ್ನು ನೋವು. ಕುರ್ಚಿ ಒಳಗೆ ತರೋಣ, ಬಿಸಿಲಿಗೆ ಒಂದಿಷ್ಟು ಹೊತ್ತು ತಾನೇ ಎಂದೆ. ಇವರು ಕಿಟಕಿಯಾಚೆ ನೋಡುತ್ತ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಅಲ್ಲಾಡದೆ ನಿಂತ ಕಬ್ಬಿಣವಾದರೆ ಅಳೆದು ಕಳೆಯಬಹುದು, ಆ ಫ್ಲ್ಯಾಟುಗಳೂ ಹಾಗೆ ನಿಂತಿವೆ. ಓಡಾಡುವ ಕಬ್ಬಿಣಕ್ಕೆ ಲೆಕ್ಕವಿಲ್ಲ. ಈ ವರ್ಷ ಹೊಸ ಮಾದರಿಗೆ ಅಂಕಿ ಹೋಗುವ ವರ್ಷ. ಮುಳ್ಳು ಮಟ್ಟಸವಾಗಿ ಮಲಗುವ ಆ ಗೆರೆಯ ಹತ್ತಿರದ ಕೇಂದ್ರಗಳು ಲೋಕದಲ್ಲೇ ಕೆಲವೇ ಕೆಲವು. ನಮ್ಮ ಅಂಕಿ ಕೆಟ್ಟರೆ ನಮ್ಮ ಕೇಂದ್ರವನ್ನು ಬಿಟ್ಟು ಮಾದರಿ ಕಟ್ಟುತ್ತಾರೆ, ಬಿಟ್ಟ ಮೇಲೆ ಇದನ್ನು ಇಟ್ಟುಕೊಳ್ಳುವುದೇಕೆ ಎಂದು ಮೇಲಿನವರು ಕೇಳುತ್ತಾರೆ.

ತಾಯಿಯ ಮೇಲೆ ಪ್ರೀತಿಯಿಲ್ಲದ ಮಗನಲ್ಲ ಇವರು. ದಿನಾ ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಆದರೆ ಆ ಕೋಣೆಯೊಳಗೆ ಯಂತ್ರ ಬರೆಯುವ ಅಂಕಿಗಳ ಗೆರೆ ಇವರ ಕಾಲದಲ್ಲಿ ಒಮ್ಮೆಯೂ ಕಡಿದದ್ದಿಲ್ಲ. ಸಿಡಿಲು ಹೊಡೆದು ಕರೆಂಟು ಹೋದಾಗ ಕೂಡ ಬ್ಯಾಟರಿ ಹಚ್ಚಿ ಉಳಿಸಿಕೊಂಡದ್ದು. ಅದು ಇವರ ನಿತ್ಯದ ದೀಪ ಇದ್ದ ಹಾಗೆ. ದೇವರ ದೀಪ ನಂದಿದರೆ ನನಗೆ ಹೇಗಾಗುತ್ತದೆಂದು ನನಗೆ ಗೊತ್ತು. ಹಾಗಾಗಿ ಜಗಳವಾಡಲು ಬಾಯಿ ಏಳುತ್ತಿರಲಿಲ್ಲ.

ಮಳೆಗಾಲ ಪೂರ್ತಿ ಹೀಗೆಯೇ ಹೋಯಿತು. ಅತ್ತೆಯ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಅತ್ತೆಯ ಕೋಣೆಗೆ ನಾನು ನಡೆದದ್ದನ್ನು ಉದ್ದಕ್ಕೆ ಹಾಸಿದ್ದರೆ ಊರು ತಲುಪುತ್ತಿದ್ದೆನೋ ಏನೋ. ಒಗೆದ ಬಟ್ಟೆ ಒಣಗದೆ ಮನೆಯೆಲ್ಲ ಹಸಿ ವಾಸನೆ. ಅತ್ತೆ ಕರೆಯುತ್ತಿದ್ದುದಕ್ಕೂ ಒಂದು ಕಾರಣ ಬೇಕಿರಲಿಲ್ಲ. ಹೋದರೆ, ಏನಿಲ್ಲ, ಇದ್ದೀಯಾ ಎಂದು ನೋಡಿದೆ ಎನ್ನುತ್ತಿದ್ದರು. ಎಲ್ಲಿಗೆ ಹೋಗಲಿಕ್ಕುಂಟು ನನಗೆ? ದೇವಸ್ಥಾನಕ್ಕೆ ಹೋಗದೆ ತಿಂಗಳುಗಳಾಗಿದ್ದವು. ದೂರದಿಂದ ಸಂಜೆಯ ಚೆಂಡೆ ಕೇಳಿಸುತ್ತಿತ್ತು, ಅದಕ್ಕೇ ಕೈಮುಗಿಯುತ್ತಿದ್ದೆ. ಕೇಳಿಸುವಷ್ಟು ಹತ್ತಿರ ಇಟ್ಟಿದ್ದಾನಲ್ಲ ಎಂದುಕೊಳ್ಳುತ್ತಿದ್ದೆ. ಕೆಲವು ದಿನ ಹಾಗೆ ಅಂದುಕೊಳ್ಳಲೂ ಆಗುತ್ತಿರಲಿಲ್ಲ.

ಒಂದು ದಿನ ಗಂಜಿ ಕುಡಿಸುವಾಗ ಅತ್ತೆ ಚಮಚ ತಳ್ಳಿದರು.

"ಜೈಲಿನವರಿಗೂ ದಿನಕ್ಕೊಂದು ಸಲ ಅಂಗಳಕ್ಕೆ ಬಿಡ್ತಾರಂತೆ ಮಾರಾಯ್ತಿ. ನಾನೆಂತ ಕಳ್ಳತನ ಮಾಡಿದ್ದೇನೆ?"

ಅಡುಗೆಮನೆಗೆ ಬಂದು ಪಾತ್ರೆ ತೊಳೆದೆ. ಇವರು ಜಗಲಿಯಲ್ಲಿ ಕೂತಿದ್ದವರು ಕೇಳಿಸಿಕೊಂಡಿದ್ದರು. ಮರುದಿನ ಬೆಳಿಗ್ಗೆ, ಕೊಚ್ಚಿಗೆ ಹೋಗಿ ಬರೋಣ, ಇಲ್ಲಿ ಸಿಗದ ಅಲ್ಯೂಮಿನಿಯಮ್ಮಿನ ಕುರ್ಚಿ ಅಲ್ಲಿ ಸಿಗುತ್ತದಂತೆ ಎಂದರು. ತಾಯಿಯನ್ನು ನೋಡಿಕೊಳ್ಳಲು ನಾದಿನಿ ಬಂದಳು, ಬರುವಾಗ ಕಾವಲಿಯಲ್ಲಿ ಮಾಡಿದ ದೋಸೆ ಕಟ್ಟಿಕೊಂಡೇ ಬಂದಳು.

ಕೊಚ್ಚಿಯ ಕಲೂರಿನ ಬಸ್ ನಿಲ್ದಾಣದ ಹತ್ತಿರ ಆಸ್ಪತ್ರೆ ಸಾಮಾನಿನ ಅಂಗಡಿಗಳಿವೆ. ಇವರು ಜೇಬಿನಿಂದ ದಿಕ್ಸೂಚಿ ತೆಗೆದು ಕುರ್ಚಿಗಳ ಗಾಲಿ, ತಿರುಪು, ಕಾಲಿಡುವ ಹಲಗೆ ಎಲ್ಲದರ ಹತ್ತಿರವೂ ಹಿಡಿದು ಬಗ್ಗಿ ಬಗ್ಗಿ ನೋಡತೊಡಗಿದರು. ಅಲ್ಯೂಮಿನಿಯಂ ಎಂದು ತೋರಿಸಿದ್ದರಲ್ಲೂ ಅಚ್ಚು ಉಕ್ಕಿನದು. ಅಂಗಡಿಯವನು ಮೊದಲು ಸಾರೇ, ಸಾರೇ ಎಂದು ವಿನಯವಾಗಿಯೇ ಇದ್ದ. ಮೂರನೆಯ ಕುರ್ಚಿಯ ಹೊತ್ತಿಗೆ ನನ್ನ ಕಡೆ ತಿರುಗಿ, ಚೇಚ್ಚೀ, ಸಾರ್‌ಗೆ ಕುರ್ಚಿ ಬೇಕೋ ಜಾತಕ ಬೇಕೋ ಎಂದು ಕೇಳಿದ. ನನಗೆ ನಗು ತಡೆಯಲಾಗಲಿಲ್ಲ. ಎಷ್ಟು ಕಾಲದ ಮೇಲೆ ನಕ್ಕದ್ದು ಎಂದು ಅನಿಸಿತು, ಅದೂ ಕಲೂರಿನ ಅಂಗಡಿಯಲ್ಲಿ, ಕಮೋಡು ಕುರ್ಚಿಗಳ ನಡುವೆ. ಕೊನೆಗೆ ಅವನೇ ಪರಿಚಯದ ವರ್ಕ್‌ಶಾಪಿಗೆ ಕಳಿಸಿ ಅಚ್ಚು, ತಿರುಪು ಎಲ್ಲ ಹಿತ್ತಾಳೆಯದಕ್ಕೆ ಬದಲಾಯಿಸಿಕೊಟ್ಟ. ಇವರು ಸುತ್ತ ದಿಕ್ಸೂಚಿ ಹಿಡಿದು ಪ್ರದಕ್ಷಿಣೆ ಬಂದರು. ಮುಳ್ಳು ಮಿಸುಕಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಬಿಳಿ ಗೋಡೆಯ ಬುಡಕ್ಕೆ ತಳ್ಳಿಕೊಂಡು ಹೋದೆವು. ಬಿಸಿಲು ಅವರ ಮಡಿಲಿಗೆ ಬಿತ್ತು. ಅವರು ಕಣ್ಣು ಮುಚ್ಚಿಕೊಂಡು ಎರಡೂ ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡರು, ಯಾರೋ ಪ್ರಸಾದ ಕೊಡುವವರಿದ್ದಾರೆ ಎಂಬಂತೆ. ಆಮೇಲೆ ಎಲೆಯಡಿಕೆ ಕೇಳಿದರು. ಮನೆಗೆ ಬಂದ ಮೇಲೆ ಅವರು ಬಾಯಿಬಿಟ್ಟು ಕೇಳಿದ ಮೊದಲನೆಯ ವಸ್ತು ಅದು.

ಕೆಲವು ವಾರ ಹೀಗೆ ಸುಖವಾಗಿತ್ತು. ಅವರು ಹೊರಗೆ ಕೂತಿರುವಾಗ ನಾನು ಕೋಣೆಯ ಹಾಸಿಗೆ ಕೊಡವಿ, ನೆಲ ಒರೆಸಿ, ಕಿಟಕಿ ತೆರೆದಿಟ್ಟು, ಆ ಖಾಲಿ ಮಂಚದ ತುದಿಗೆ ಕೂರುತ್ತಿದ್ದೆ. ಯಾರೂ ಕರೆಯದ ಹೊತ್ತು. ಇವರು ಆಗ ಅಂಗಳದಲ್ಲೇ ಇರುತ್ತಿದ್ದರು.

ಅಷ್ಟರಲ್ಲಿ ಕೊಚ್ಚಿಯಿಂದ ಫೋನು ಬಂತು. ಪಾಲಾರಿವಟ್ಟಂನ ಒಂದು ಕಚೇರಿಯಲ್ಲಿ ಈ ಮಾದರಿಯ ಲೆಕ್ಕ ಕಟ್ಟುವ ಒಬ್ಬ ಹುಡುಗಿ ಇದ್ದಳು. ಧಾರವಾಡದ ಕಡೆಯವಳು, ವಿಜ್ಞಾನದಲ್ಲಿ ದೊಡ್ಡ ಓದು ಓದಿದವಳು. ನಮ್ಮ ಕೇಂದ್ರದ ಅಂಕಿ ಅವಳ ಕೈಗೆ ಹೋಗುತ್ತಿತ್ತು. ಕೆಲವು ವಾರಗಳಿಂದ ದಿನಾ ಬೆಳಿಗ್ಗೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಿಮ್ಮ ಗೆರೆಯಲ್ಲಿ ಸಣ್ಣದೊಂದು ಉಬ್ಬು ಏಳುತ್ತಿದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ಏನಿದು ಎಂದು ಕೇಳಿದಳಂತೆ.

ಇವರಿಗೂ ಕಂಡಿತ್ತು. ಹೊರಗಿನ ರಸ್ತೆಗೆ ಹೊಸದಾಗಿ ಬರುವ ಶಾಲೆಯ ಬಸ್ಸೆಂದು ತಿಳಿದಿದ್ದರು. ಆದರೆ ಭಾನುವಾರವೂ ಉಬ್ಬು ಎದ್ದಿದೆ ಎಂದು ಅವಳು ಹೇಳಿದಾಗ ಮುಖ ಸಣ್ಣದಾಯಿತು. ಕುರ್ಚಿಯನ್ನು ಮತ್ತೆ ಪರೀಕ್ಷಿಸಿದರು. ಮುಳ್ಳು ಅಲ್ಲಾಡಲಿಲ್ಲ. ಅತ್ತೆಯ ಸೊಂಟದೊಳಗೆ ಹಾಕಿದ ಲೋಹದ ಮೇಲೆ ಸಂಶಯ ಬಂತು. ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸಿದರೆ ಅದೂ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ ಎಂದರು. ಕಾರಣ ತಿಳಿಯುವ ತನಕ ಅತ್ತೆ ಒಳಗೇ ಇರಲಿ ಎಂದು ತೀರ್ಮಾನವಾಯಿತು. ಅವರು ಒಳಗಿದ್ದ ದಿನಗಳಲ್ಲಿ ಉಬ್ಬು ಏಳಲಿಲ್ಲ.

ಆ ದಿನಗಳನ್ನು ನೆನೆಯಲು ನನಗೆ ಇಷ್ಟವಿಲ್ಲ. ಬಿಸಿಲು ಕಾಣದೆ ಇದ್ದಾಗ ಅತ್ತೆ ಗೊಣಗುತ್ತಿದ್ದರು. ಕಂಡು ಕಳೆದುಕೊಂಡ ಮೇಲೆ ಗೊಣಗಲೂ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಊಟ ಕಡಿಮೆಯಾಯಿತು. ನನ್ನನ್ನು ಕರೆಯುವುದೂ ನಿಂತಿತು. ಕರೆದಾಗ ಬೇಸರಪಡುತ್ತಿದ್ದವಳು ಈಗ ಕರೆಯಲಿಲ್ಲವಲ್ಲ ಎಂದು ಹೋಗಿ ಹೋಗಿ ನೋಡುತ್ತಿದ್ದೆ. ದೇವರ ಮುಂದೆ ನಿಂತರೆ ಬೇಡಿಕೊಳ್ಳಲು ಮಾತು ಹೊಳೆಯುತ್ತಿರಲಿಲ್ಲ. ಮುದುಕಿಯನ್ನು ಹೊರಗೆ ಬಿಡು ಎಂದು ದೇವರಿಗೆ ಹೇಳುವುದೋ, ಇವರಿಗೆ ಹೇಳುವುದೋ?

ಹುಡುಗಿ ತಾನೇ ನೋಡುತ್ತೇನೆಂದು ಕೊಚ್ಚಿಯಿಂದ ರೈಲಿನಲ್ಲಿ ಬಂದಳು. ಗೇಟಿನಲ್ಲೇ ಬೆಲ್ಟು, ಗಡಿಯಾರ, ಫೋನು, ಕೂದಲಿನ ಕ್ಲಿಪ್ಪು ಎಲ್ಲ ತೆಗೆದಿಟ್ಟು ಬರಿಗಾಲಲ್ಲಿ ಒಳಗೆ ಬಂದಳು. ಕನ್ನಡ ಕೇಳಿ ಅತ್ತೆ ಹಾಸಿಗೆಯಿಂದಲೇ, ಯಾರದು, ಯಾವ ಊರಿನ ಕನ್ನಡ ಅದು ಎಂದು ಕೂಗಿದರು. ಅವಳು ಒಳಗೆ ಹೋಗಿ ಕಾಲಿಗೆ ನಮಸ್ಕಾರ ಮಾಡಿದಳು. ಆಮೇಲೆ ಇವರಿಗೆ, ಅಜ್ಜಿಯನ್ನು ದಿನಾ ಹೇಗೆ ಒಯ್ಯುತ್ತಿದ್ದಿರೋ ಹಾಗೆಯೇ ಒಯ್ಯಿರಿ, ಒಂದನ್ನೂ ಬದಲಾಯಿಸಬೇಡಿ ಎಂದಳು.

ಒಯ್ದೆವು. ಬಿಸಿಲು ಅಲ್ಲೇ ಇತ್ತು. ಅತ್ತೆ, ಗೋಡೆಗೆ ಒರಗಿ ನಿಂತಿದ್ದ ಹುಡುಗಿಯನ್ನು ವಿಚಾರಿಸುತ್ತಿದ್ದರು, ಮದುವೆಯಾಗಿದೆಯಾ, ಯಾಕೆ ಆಗಿಲ್ಲ, ರೊಟ್ಟಿ ಸಿಗುತ್ತದಾ ಎಂದೆಲ್ಲ. ಮನೆಗೆ ಬಂದ ಹೆಣ್ಣುಮಗಳಿಗೆ ಎಲೆಯಡಿಕೆ ಕೊಡದೆ ಕಳಿಸುವುದು ಅತ್ತೆಗೆ ಗೊತ್ತಿಲ್ಲ. ನನ್ನಿಂದ ತಟ್ಟೆ ತರಿಸಿದರು. ಮಾತಿನ ನಡುವೆ ಸೀರೆಯ ನೆರಿಗೆಯ ಒಳಗೆ ಕೈಹಾಕಿ, ಬಟ್ಟೆಯ ಸಂಚಿ ಬಿಚ್ಚಿ, ಅಡಕತ್ತರಿ ತೆಗೆದು ಕಟಕ್ಕೆಂದು ಅಡಿಕೆ ಹೋಳು ಮಾಡಿದರು.

ಕೈಯಗಲ ಮೀರಿದ, ಕಪ್ಪಗೆ ಮಿರುಗುವ, ಅಪ್ಪಟ ಕಬ್ಬಿಣದ ಅಡಕತ್ತರಿ.

ಇವರು ಅದನ್ನು ನೋಡಿದರು, ಗೋಡೆಯನ್ನು ನೋಡಿದರು. ಗೋಡೆಯ ಆ ಬದಿಗೆ ಯಂತ್ರ, ಈ ಬದಿಗೆ ಅಡಕತ್ತರಿ. ನಡುವೆ ಕೆಲವೇ ಮಾರು. ನಾವು ಕುರ್ಚಿಯ ತಿರುಪಿನ ತನಕ ಪರೀಕ್ಷೆ ಮಾಡಿದ್ದೆವು. ಕುರ್ಚಿಯಲ್ಲಿ ಕೂರುವವರ ನೆರಿಗೆಯನ್ನು ಯಾರು ಪರೀಕ್ಷಿಸುತ್ತಾರೆ? ದಿನಾ ಅವರಿಗೆ ಎಲೆಯಡಿಕೆ ಕೊಡುತ್ತಿದ್ದವಳು ನಾನೇ. ಅಡಿಕೆ ಇಡಿಯದ್ದು, ಹೋಳಾಗುವುದು ಹೇಗೆಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಜ್ಜಿ, ದಿನಾ ಮುಂಜಾನೆ ನಿಮ್ಮ ಅಡಕತ್ತರಿ ಕೊಚ್ಚಿಗೆ ಬಂದು ಹಾಜರಿ ಹಾಕಿ ಹೋಗ್ತಿತ್ತು ನೋಡ್ರಿ."

ಇವರು ನಗಲಿಲ್ಲ. ಮೆಲ್ಲಗೆ ಕೈ ಚಾಚಿ, ಕೊಡಮ್ಮ, ಒಳಗಿಟ್ಟು ಬರುತ್ತೇನೆ, ಇನ್ನು ಅಡಿಕೆ ಕತ್ತರಿಸಿಯೇ ಕೊಡುತ್ತೇವೆ ಎಂದರು. ಎಷ್ಟು ಸುಲಭವಾಗಿ ಮುಗಿಯಿತು ಎಂದು ನನಗೂ ನಿರಾಳವಾಯಿತು. ಅತ್ತೆ ಕೊಡಲಿಲ್ಲ. ಅಡಕತ್ತರಿಯನ್ನು ಎರಡೂ ಕೈಯಲ್ಲಿ ಮುಚ್ಚಿ ಎದೆಗೆ ಒತ್ತಿಕೊಂಡರು.

"ಆಸ್ಪತ್ರೆಯಲ್ಲಿ ಕರಿಮಣಿ ತೆಗ್ದ್ರು, ಬಳೆ ತೆಗ್ದ್ರು, ಹಲ್ಲಿನ ಸೆಟ್ಟೂ ತೆಗ್ದ್ರು. ಎಚ್ಚರ ಆಗುವಾಗ ಕೈಗೆ ಸಿಕ್ಕಿದ್ದು ಇದೊಂದೇ. ಇದನ್ನು ಬಿಡುದಿಲ್ಲ ಮಗಾ. ನನ್ನನ್ನು ಒಳಗೆ ದೂಡು."

ಶಸ್ತ್ರಚಿಕಿತ್ಸೆಯ ದಿನ ನಾದಿನಿ ದಿಂಬಿನ ಅಡಿಗೆ ಅದನ್ನು ಇಟ್ಟಿದ್ದಳು. ಕಾಯಿಲೆಯವರ ಹತ್ತಿರ ಕಬ್ಬಿಣವಿದ್ದರೆ ಕೆಟ್ಟದ್ದು ಹತ್ತಿರ ಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಎಲ್ಲರಿಗೂ ಇದೆ, ನನಗೂ ಇದೆ. ಅಂದಿನಿಂದ ಅವರು ಅದನ್ನು ಮೈಯಿಂದ ದೂರ ಮಾಡಿರಲಿಲ್ಲ, ಬಟ್ಟೆ ಬದಲಾಯಿಸುವಾಗಲೂ ಆ ಸಂಚಿಯನ್ನು ನನ್ನ ಕೈಗೆ ಕೊಟ್ಟದ್ದಿಲ್ಲ. ಡೋಲಿಯಲ್ಲಿ ಹೊತ್ತು ತಂದಾಗಲೂ ಅದು ಅವರ ಜೊತೆಗೇ ಬಂದಿತ್ತು. ಇವರು ಇನ್ನೊಮ್ಮೆ ಹೇಳಿ ನೋಡಿದರು. ಅತ್ತೆ ಮನೆಯ ಬಾಗಿಲಿನ ಕಡೆ ಗಲ್ಲ ತೋರಿಸಿದರು. ಅರ್ಧ ಹೋಳಾದ ಅಡಿಕೆ ತಟ್ಟೆಯಲ್ಲೇ ಉಳಿಯಿತು. ನಾನು ಕುರ್ಚಿಯನ್ನು ಒಳಗೆ ತಳ್ಳಿದೆ. ಹಾಗೆ ತಳ್ಳುವಾಗ ಸಿಟ್ಟು ಬಂದಿತ್ತು, ಯಾರ ಮೇಲೆಂದು ಹೇಳಲಾರೆ.

ಊಟಕ್ಕೆ ಕೂತಾಗ ಹುಡುಗಿ ಅಂಕಿಯ ಮಾತು ತೆಗೆದಳು. ತನ್ನ ಮಾದರಿಗೆ ಬೇಕಾದದ್ದು ರಾತ್ರಿಯ ಅಂಕಿ ಮಾತ್ರ ಎಂದಳು. ಹಗಲಿನಲ್ಲಿ, ಮುಳ್ಳು ಮಟ್ಟಸವಾಗಿ ಮಲಗುವ ಆ ಗೆರೆಯ ಮೇಲಿನ ಆಕಾಶದಲ್ಲಿ ವಿದ್ಯುತ್ತಿನ ಹೊಳೆಯೊಂದು ಹರಿಯುತ್ತದಂತೆ, ಅದರ ಗಲಾಟೆಯಲ್ಲಿ ಭೂಮಿಯ ಹೊಟ್ಟೆಯ ಸಣ್ಣ ಬದಲಾವಣೆ ಕೇಳಿಸುವುದಿಲ್ಲ. ಆದ್ದರಿಂದ ಹಗಲಿನದನ್ನು ಅವಳು ಬದಿಗಿಟ್ಟೇ ಲೆಕ್ಕ ಕಟ್ಟುತ್ತಾಳೆ. ನಾನು ಸೌಟು ಹಿಡಿದವಳು ಹಾಗೆಯೇ ನಿಂತೆ. ಹಾಗಾದರೆ ಇಷ್ಟು ತಿಂಗಳು?

ಇವರಿಗೆ ಅದು ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಹಗಲಿನ ಅಂಕಿ ಬೇಕಾದವರೂ ಇದ್ದಾರೆ, ಆಕಾಶದ ಆ ಹೊಳೆಯನ್ನೇ ಓದುವವರು. ಅವರಿಗೆ ಅಡಕತ್ತರಿಯ ಅಂಕಿ ಕೊಡಲಾಗುತ್ತದಾ ಎಂದರು. ಹುಡುಗಿ, ಕೊಡಬಾರದು, ಸುಳ್ಳು ಅಂಕಿಗಿಂತ ಅಂಕಿಯೇ ಇಲ್ಲದಿರುವುದು ಮೇಲು, ಆ ಅರ್ಧ ತಾಸನ್ನು ಖಾಲಿ ಬಿಡಿ ಎಂದಳು. ಇವರು ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದರು, ಬಾಯಿಗೆ ಹೋಗಲಿಲ್ಲ.

"ಇಷ್ಟು ವರ್ಷ ಕಡಿಯದ್ದನ್ನು ನನ್ನ ಕೈಯಿಂದ ನಾನೇ ಅಳಿಸ್ಬೇಕಾ?"

"ಅಳಸೂದಲ್ರಿ ಸರ್. ಈ ಹೊತ್ತಿನ್ಯಾಗ ಅಜ್ಜಿ ಇಲ್ಲಿ ಕುಂತಿದ್ರು ಅಂತ ಜಾಗಾ ಬಿಡೂದು."

ಇವರು ತಟ್ಟೆ ಎತ್ತಿಕೊಂಡು ಕೈತೊಳೆಯಲು ಹೋದರು. ಹುಡುಗಿ ಸಂಜೆಯ ರೈಲಿಗೆ ಹೋದಳು. ಹೋಗುವಾಗ ಅತ್ತೆ ಒಳಗಿನಿಂದಲೇ, ಆ ಉಳಿದ ಅಡಿಕೆ ಅವಳಿಗೆ ಕಟ್ಟಿಕೊಡು ಎಂದು ನನಗೆ ಹೇಳಿದರು.

ಮುಂದಿನ ಎರಡು ದಿನ ಇವರು ಎಂದಿನಂತೆ ಬೆಳಿಗ್ಗೆ ಆ ಕೋಣೆಗೆ ಹೋದರು, ಬಂದರು. ನಾನು ಕೇಳಲಿಲ್ಲ. ಕೇಳಿದರೆ ಇಲ್ಲ ಎಂದಾರು ಎಂಬ ಹೆದರಿಕೆ ಇತ್ತು. ಒಮ್ಮೆ ಬಾಯಿಯಿಂದ ಇಲ್ಲ ಎಂದು ಬಂದರೆ ಇವರು ಅದನ್ನು ಬದಲಾಯಿಸುವವರಲ್ಲ. ಮೂರನೆಯ ದಿನ ನಾನು ದಾಸವಾಳ ಕೊಯ್ಯುತ್ತಿದ್ದೆ. ಇವರು ಬಿಳಿ ಕಟ್ಟಡದಿಂದ ಹೊರಬಂದು, ಬಾಗಿಲು ಎಳೆದುಕೊಂಡು, ಬಿಸಿಲಿನ ಪಟ್ಟಿ ಎಲ್ಲಿಯವರೆಗೆ ಬಂದಿದೆ ಎಂದು ನೋಡಿದರು. ಆಮೇಲೆ ಮನೆಯೊಳಗೆ ಹೋದರು. ಕುರ್ಚಿಯ ಗಾಲಿಯ ಸದ್ದು ಕೇಳಿ ತಿರುಗಿದರೆ ಅತ್ತೆ ಹೊಸ್ತಿಲಲ್ಲಿದ್ದರು, ಹಿಂದೆ ಇವರು. ಅತ್ತೆ ಸೆರಗಿನ ಮೇಲಿನಿಂದಲೇ ಸಂಚಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು, ಕಿತ್ತುಕೊಳ್ಳಲು ಬಂದಾರೇನೋ ಎಂಬಂತೆ.

"ಇರ್ಲಿ ಅಮ್ಮ, ಹಿಡ್ಕೊಳ್ಳಿ," ಎಂದರು ಇವರು.

ಅಷ್ಟೇ. ಬಿಸಿಲು ಸರಿದ ಮೇಲೆ ತಾಯಿಯನ್ನು ಒಳಗೆ ಬಿಟ್ಟು, ಕಂಪ್ಯೂಟರಿನ ಮುಂದೆ ಬಹಳ ಹೊತ್ತು ಕೂತಿದ್ದರು. ನಾನು ಚಹಾ ಕೊಡಲು ಹೋದಾಗ ಕಣ್ಣು ಒರೆಸಿಕೊಂಡದ್ದನ್ನು ನೋಡಿಯೂ ನೋಡದ ಹಾಗೆ ಲೋಟ ಇಟ್ಟು ಬಂದೆ.

ಈಗ ದಿನಾ ಹಾಗೆಯೇ ನಡೆಯುತ್ತದೆ. ಮೋಡದ ದಿನ ಮಾತ್ರ ಗೆರೆ ಕಡಿಯುವುದಿಲ್ಲ. ಕಳೆದ ತಿಂಗಳು ಅತ್ತೆಯನ್ನು ಕೊಚ್ಚಿಯ ಆಸ್ಪತ್ರೆಗೆ ತಪಾಸಣೆಗೆ ಕರೆದುಕೊಂಡು ಹೋದಾಗ ಹುಡುಗಿ ಪಾಲಾರಿವಟ್ಟಂನ ಕಚೇರಿಗೆ ಬರಹೇಳಿದಳು. ಅಲ್ಲಿ ಕಬ್ಬಿಣಕ್ಕೆ ಅಡ್ಡಿಯಿಲ್ಲ. ಕಬ್ಬಿಣದ ಕಪಾಟು, ಕಬ್ಬಿಣದ ಮೇಜು, ಕಬ್ಬಿಣದ ಲಿಫ್ಟು. ಅತ್ತೆ ಬಾಡಿಗೆಯ ಉಕ್ಕಿನ ಕುರ್ಚಿಯಲ್ಲಿ ರಾಣಿಯ ಹಾಗೆ ಕೂತಿದ್ದರು. ಹುಡುಗಿ ಪರದೆಯ ಮೇಲೆ ನಮ್ಮ ಕೇಂದ್ರದ ಗೆರೆ ತೋರಿಸಿದಳು. ಎಳೆಯಂಥ ಒಂದು ಗೆರೆ, ನಡುನಡುವೆ ಬಿಟ್ಟ ಜಾಗ. ಅದರ ಜೊತೆಗೆ ಇನ್ನೊಂದು ಬಣ್ಣದಲ್ಲಿ ಅವಳ ಮಾದರಿಯ ಗೆರೆ, ಬಿಟ್ಟ ಜಾಗಗಳ ಮೇಲಿನಿಂದ ನಿಲ್ಲದೆ ದಾಟಿ ಹೋಗಿತ್ತು. ಅಂಕಿಯಿಲ್ಲದ ಕಡೆ ಮಾದರಿಯೇ ಊಹಿಸಿಕೊಂಡು ಮುಂದೆ ಹೋಗುತ್ತದೆ ಎಂದಳು. ನಮ್ಮ ಕೇಂದ್ರವನ್ನು ಬಿಟ್ಟಿಲ್ಲ ಎಂಬುದನ್ನೂ ಇವರ ಮುಖ ನೋಡಿಯೇ ಹೇಳಿದಳು.

ಅತ್ತೆ ಕನ್ನಡಕ ಸರಿಮಾಡಿಕೊಂಡು ಮುಂದೆ ಬಗ್ಗಿದರು. ತಾನು ಕೂತದ್ದು ಎಲ್ಲಿ ಎಂದು ಕೇಳಿದರು. ಹುಡುಗಿ ಒಂದು ಖಾಲಿ ಜಾಗಕ್ಕೆ ಬೆರಳಿಟ್ಟಳು, ಆಮೇಲೆ ಪಕ್ಕದ್ದಕ್ಕೆ, ಅದರ ಪಕ್ಕದ್ದಕ್ಕೆ.

"ಇಷ್ಟು ಸಪೂರವಾ?" ಎಂದರು ಅತ್ತೆ, ಮಗನ ಕಡೆ ತಿರುಗಿ. "ಹಾಗಾದ್ರೆ ಸಂಜೆಗೂ ಒಂದು ಬಿಡು ಮಾರಾಯ. ಎಂತ ಕಡಿಮೆ ಆಗ್ತದೆ ನಿನಗೆ?"

ಇವರು ಪರದೆಯನ್ನೇ ನೋಡುತ್ತಿದ್ದರು. ಹುಡುಗಿ ಬಾಯಿಗೆ ಕೈಯಡ್ಡ ಹಿಡಿದು ನಗು ತಡೆಯುತ್ತಿದ್ದಳು. ಸಂಜೆಯ ಹೊತ್ತಿಗೆ ಆ ಗೋಡೆಯ ಬುಡಕ್ಕೆ ಬಿಸಿಲು ಬೀಳುವುದೇ ಇಲ್ಲ, ಅಲ್ಲಿ ನೆರಳು, ಸೊಳ್ಳೆ ಎಂದು ಹೇಳಲು ನನಗೆ ಬಾಯಿವರೆಗೆ ಬಂತು. ಖಾಲಿ ಕೋಣೆಯೂ ತೆರೆದ ಕಿಟಕಿಯೂ ಯಾರೂ ಕರೆಯದೆ ಕೂರುವ ಆ ಮಂಚದ ತುದಿಯೂ ನೆನಪಾದವು. ಸಂಜೆಯ ಚೆಂಡೆ ಕೇಳಿಸುವುದೂ ಅದೇ ಹೊತ್ತಿಗೆ.

ನಾನು ಸುಮ್ಮನಿದ್ದೆ. ಇವರು ಪರದೆಯಿಂದ ಕಣ್ಣು ತೆಗೆಯದೆ, ನೋಡುವ ಎಂದರು.